ಉಸಿರಾಡಿದ ಹೆಣ

ಸೋಮವಾರ ಬೆಳಗಿನ ರೈಲಿನಲ್ಲಿ ನಾವು ಮಾತಾಡುವುದು ಪಿಚ್ಚರ್ ಬಗ್ಗೆ. ಉಳಿದ ದಿನ ಅತ್ತೆ, ಗಂಡ, ಸೂಪರ್‌ವೈಸರ್, ಈರುಳ್ಳಿ ರೇಟು. ಸೋಮವಾರ ಮಾತ್ರ ಪಿಚ್ಚರ್. ಚನ್ನಪಟ್ಟಣದಲ್ಲಿ ಹತ್ತುವ ನರ್ಸ್ ಹುಡುಗಿ ಹೆಂಗಸರ ಬೋಗಿಯಲ್ಲಿ ಬ್ಯಾಗು, ಟಿಫನ್ ಡಬ್ಬಿ, ವೇಲು ಎಲ್ಲ ಹರಡಿ ನಮಗೆ ಸೀಟು ಹಿಡಿದಿರುತ್ತಾಳೆ. ರಾಮನಗರದಲ್ಲಿ ನಾನೂ ಗಾರ್ಮೆಂಟ್ಸ್ ಅಕ್ಕನೂ ಹತ್ತುತ್ತೇವೆ. ನಾವಿಬ್ಬರೂ ಬಿಡದಿಯಲ್ಲಿ ಇಳಿಯುತ್ತೇವೆ, ಹುಡುಗಿ ಬೆಂಗಳೂರಿಗೆ ಮುಂದೆ ಹೋಗುತ್ತಾಳೆ. ಅಷ್ಟರೊಳಗೆ ಆ ವಾರದ ಪಿಚ್ಚರನ್ನು ಅಟ್ಟಕ್ಕೇರಿಸಬೇಕು, ಇಲ್ಲ ಹೂತು ಹಾಕಬೇಕು.

ಅಕ್ಕನಿಗೆ ಅಳು ಬಂದರೆ ಅದು ಒಳ್ಳೆಯ ಪಿಚ್ಚರ್. ಹುಡುಗಿಗೆ ಹಾಡು ಚೆನ್ನಾಗಿದ್ದರೆ ಸಾಕು. ನನ್ನನ್ನು ಮೆಚ್ಚಿಸುವುದು ಕಷ್ಟ ಎಂದು ಇಬ್ಬರೂ ಆಡಿಕೊಳ್ಳುತ್ತಾರೆ. ಸೊಪ್ಪು ಮಾರುವ ತಾಯಿಯ ಉಗುರು ಪಾರ್ಲರಿನಿಂದ ಈಗ ತಾನೇ ಎದ್ದು ಬಂದ ಹಾಗಿದ್ದರೆ ನನಗೆ ಅಲ್ಲೇ ಪಿಚ್ಚರ್ ಮುಗಿಯಿತು. ನಮ್ಮ ಕಡೆಯ ಮಾತೆಂದು ಎಲ್ಲದಕ್ಕೂ 'ಐತೆ' ಅಂಟಿಸಿ ನಗಿಸಲು ನೋಡುವ ಪಿಚ್ಚರ್ ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಹೋದ ವರ್ಷ ಬಂದ ಒಂದರಲ್ಲಿ ರೇಷ್ಮೆ ಹುಳುವಿನ ಮನೆಯೊಳಗೆ ನಾಯಕ ಬೀಡಿ ಸೇದುತ್ತಾ ಡೈಲಾಗ್ ಹೊಡೆಯುತ್ತಾನೆ. ಹೊಗೆ ತಗುಲಿದರೆ ಹುಳು ಉಳಿಯುವುದಿಲ್ಲ, ಹುಳು ಸಾಕುವವರ ಮನೆಯಲ್ಲಿ ಹಾಗೆ ಮಾಡಿದ್ದರೆ ಅವನ ಬೆನ್ನಿಗೆ ಪೊರಕೆ ಬೀಳುತ್ತಿತ್ತು. ಇದನ್ನು ಹೇಳಿದರೆ ಅಕ್ಕ, "ನೀನು ಓದಿರೋಳು ಕಣಮ್ಮ, ನಿನಗೆ ಯಾವ್ದೂ ರುಚಿಸಾಕಿಲ್ಲ" ಎನ್ನುತ್ತಾಳೆ.

ಓದಿರುವುದು ನಿಜ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಸೇರಿಸಿದರೂ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬಿ.ಕಾಂ. ಇದನ್ನು ಎಲ್ಲ ಕಡೆ ಹೇಳಿಕೊಳ್ಳುತ್ತೇನೆ, ಇಲ್ಲೂ ಹೇಳುತ್ತೇನೆ. ಸುಮ್ಮನೆ ಬಂದದ್ದಲ್ಲ ಅದು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋದರು. ಅವ್ವ ಹಿಪ್ಪುನೇರಳೆ ಸೊಪ್ಪು ಕೊಯ್ದಳು, ಅಣ್ಣ ಓದು ಬಿಟ್ಟು ಗೂಡ್ಸ್ ಆಟೋ ಹಿಡಿದ. ಕನಕಪುರದ ಕಡೆಯ ಹಳ್ಳಿಗಳಿಂದ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ತುಂಬಿಕೊಂಡು ಬರುವುದು ಅವನ ಕೆಲಸ. ನನ್ನ ಪರೀಕ್ಷೆಯ ದಿನಗಳಲ್ಲಿ ಮಾತ್ರ ಮಾರ್ಕೆಟ್ಟಿಗೆ ಹೋಗುವ ಮೊದಲು ಕಾಲೇಜಿನ ಗೇಟಿಗೆ ಬಂದು ನನ್ನನ್ನು ಇಳಿಸುತ್ತಿದ್ದ. ನನ್ನ ಬಟ್ಟೆಯೆಲ್ಲ ಗೂಡಿನ ವಾಸನೆ. ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಮುಚ್ಚಿಕೊಳ್ಳಲಿಲ್ಲ.

ಈಗ ಬರೆಯುತ್ತಿರುವುದು ಅಣ್ಣ ಕಾಣಿಸಿಕೊಂಡ ಪಿಚ್ಚರಿನ ವಿಷಯ.

ಆ ಸೋಮವಾರ ಅಕ್ಕ ಹತ್ತುತ್ತಲೇ ನಗುತ್ತಿದ್ದಳು. ಹಿಂದಿನ ದಿನ ತಂಗಿಯ ಮನೆಯವರ ಜೊತೆ ಪಿಚ್ಚರಿಗೆ ಹೋಗಿದ್ದಳಂತೆ.

"ಏನಕ್ಕ, ಅಳು ಬಂತಾ?" ಎಂದಳು ಹುಡುಗಿ.

"ಅಳೋ ಜಾಗದಲ್ಲೇ ನಗಾಡಿದ್ದು ಕಣೇ. ಊರ್ಗೂರೇ ಕಡಿದು ಹಾಕವ್ರೆ, ಬಂಡೆ ಪಕ್ಕ ಹೆಣ ಬಿದ್ದವೆ. ಹೀರೋ ತಾತನ್ನ ತೊಡೆ ಮೇಲೆ ಮಡಿಕ್ಕಂಡು ಗೋಳೋ ಅಂತಾವ್ನೆ. ಹಿಂದ್ಗಡೆ ಒಂದು ಹೆಣ ಬುಸು ಬುಸು ಅಂತ ಉಸಿರಾಡ್ತಾ ಐತೆ!"

"ಅಯ್ಯೋ ಅದಾ? ಫೋನೆಲ್ಲ ಅದೇ ಓಡ್ತಾ ಇದೆ ಅಕ್ಕ. ಉಸಿರಾಡೋ ಹೆಣ ಅಂತ."

"ಥಿಯೇಟ್ರಲ್ಲಿ ಒಬ್ಬ ಕೂಗಿದ, ಲೇ ಆಂಬುಲೆನ್ಸ್ ಕರೀರ್ಲಾ, ಇನ್ನೂ ಜೀವ ಐತೆ ಅಂತ. ಎಲ್ರೂ ಬಿದ್ದು ಬಿದ್ದು ನಕ್ಕಿದ್ದು."

ನಾನೂ ನಕ್ಕೆ. ಅಷ್ಟು ದುಡ್ಡು ಸುರಿದು ಪಿಚ್ಚರ್ ಮಾಡುವವರಿಗೆ ಒಂದು ಹೆಣವನ್ನು ಸರಿಯಾಗಿ ಮಲಗಿಸಲು ಬರಲ್ವಾ ಎಂದೆ. ಅಷ್ಟರಲ್ಲಿ ಹುಡುಗಿ ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದಳು. ಬಂಡೆ, ಎತ್ತಿನ ಗಾಡಿಯ ಚಕ್ರ, ಅದರ ಪಕ್ಕ ಅಂಗಾತ ಬಿದ್ದ ಒಬ್ಬ. ಹೊಟ್ಟೆಯ ಸುತ್ತ ಯಾರೋ ವಿಡಿಯೋದ ಮೇಲೆ ಕೆಂಪು ಗೆರೆ ಎಳೆದಿದ್ದರು. ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಜನ ಗೊಳ್ಳೆಂದು ನಗುವ ಸದ್ದು ಸೇರಿಸಿದ್ದರು. ಹಸಿರು ಚೌಕುಳಿಯ ಲುಂಗಿ. ಗೂಡಿನ ಕ್ರೇಟು ತಗುಲಿ ಒಡೆದಿದ್ದ ಎಡಗಾಲಿನ ಹೆಬ್ಬೆರಳ ಉಗುರು.

"ಯಾಕಕ್ಕ, ಏನಾಯ್ತು?" ಎಂದಳು ಹುಡುಗಿ.

"ಅದು ನಮ್ಮಣ್ಣ" ಎಂದೆ.

ಅಣ್ಣ ಸತ್ತು ಆಗ ವರ್ಷದ ಮೇಲಾಗಿತ್ತು. ಅದು ಅವರಿಬ್ಬರಿಗೂ ಗೊತ್ತಿತ್ತು. ಹುಡುಗಿ ಫೋನಿನ ಬಾಯಿ ಮುಚ್ಚಲು ಒದ್ದಾಡಿದಳು, ಬಟನ್ನೇ ಸಿಗಲಿಲ್ಲ, ನಗು ಇನ್ನೊಂದು ಸುತ್ತು ಬಂತು. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟವಳು ಬಿಡದಿಯ ತನಕ ತೆಗೆಯಲಿಲ್ಲ. ಆ ತುಣುಕನ್ನು ನನಗೆ ಕಳಿಸು ಎಂದು ಹುಡುಗಿಯನ್ನು ಕೇಳಿದೆ. ಏಕೆ ಕೇಳಿದೆನೋ. ಕಳಿಸಿದಳು.

ಆ ಶೂಟಿಂಗ್ ನಡೆದದ್ದು ನಮ್ಮ ಊರಿನ ಹತ್ತಿರವೇ, ಕೈಲಾಂಚದ ಕಡೆ, ಬಂಡೆಗಳ ಬುಡದಲ್ಲಿ. ನಮ್ಮ ಕಡೆ ಶೂಟಿಂಗ್ ಎಂದರೆ ಹೊಸದೇನಲ್ಲ. ವ್ಯಾನು ಬರುತ್ತದೆ, ಊಟದ ಟೆಂಟು ಹಾಕುತ್ತಾರೆ, ಜನ ಬೇಕು ಅನ್ನುತ್ತಾರೆ, ಕೆಲಸವಿಲ್ಲದವರು ಹೋಗುತ್ತಾರೆ. ಆಗ ಮಾರ್ಕೆಟ್ಟಿಗೆ ರಜೆ ಇತ್ತು, ಅಣ್ಣನೂ ಹೋದ. ಪಿಚ್ಚರಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹಾಗಾಗಿ ಅದು ಯಾವಾಗ ಬಂತು, ಏನೆಂದು ಬಂತು, ನಮಗೆ ತಿಳಿಯಲೇ ಇಲ್ಲ.

ಸಂಜೆ ಕತ್ತಿಗೆಲ್ಲ ಕೆಂಪು ಬಳಿದುಕೊಂಡೇ ಮನೆಗೆ ಬಂದ. ಅವ್ವ ಹೊಸಿಲಲ್ಲೇ ತಡೆದಳು.

"ಏನ್ಲಾ ಇದು?"

"ರಕ್ತ ಕಣವ್ವ. ಸಕ್ಕರೆ ಪಾಕದ್ದು. ಬೇಕಾದ್ರೆ ನೆಕ್ಕಿ ನೋಡು."

"ಏನಾಗಿದ್ದೆ ಅಲ್ಲಿ?"

"ಹೆಣ."

ಅವ್ವ ಒಳಗೆ ಬಿಡಲಿಲ್ಲ. ದನದ ಕೊಟ್ಟಿಗೆಯ ಮುಂದಿನ ತೊಟ್ಟಿಯ ಹತ್ತಿರ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದಳು. ಸಾವಿನ ಮನೆಯಿಂದ ಬಂದವರಿಗೆ ಮಾಡುವ ಹಾಗೆಯೇ. ಅಣ್ಣ ನಡುಗುತ್ತಾ ನಗುತ್ತಾ ಕಥೆ ಹೇಳಿದ. ಪಾಕಕ್ಕೆ ಇರುವೆ ಹತ್ತಿ ಕಡಿಯುತ್ತಿದ್ದವಂತೆ, ಅಲ್ಲಾಡುವ ಹಾಗಿಲ್ಲ, ಉಸಿರು ಬಿಗಿ ಹಿಡಿದು ಮಲಗಿದ್ದನಂತೆ. ತಾತನ ಪಾತ್ರ ಮಾಡಿದವರು ಸಾಯುವ ಸೀನು ಮುಗಿದ ಮೇಲೆ ಎದ್ದು ಕೂತರಂತೆ, ಆಗ ಅವರನ್ನು ಕ್ಯಾಮೆರಾದ ಮುಂದೆ ನಗಿಸಿದರಂತೆ.

"ಯಾಕ್ಲಾ ನಗಿಸ್ತಾರೆ?"

"ಸತ್ತಂಗೆ ಮಲ್ಗಿ ಹಂಗೇ ಎದ್ದೋದ್ರೆ ಒಳ್ಳೇದಲ್ವಂತೆ ಕಣವ್ವ. ಕ್ಯಾಮೆರಾ ಮುಂದೆ ನಕ್ಕುಬುಟ್ರೆ ಸಾವು ಕಳೀತಂತೆ. ಎಲ್ಲಾ ಶೂಟಿಂಗಲ್ಲೂ ಹಂಗೇಯ."

"ನಿನ್ನ ನಗಿಸಿದ್ರಾ?"

"ನಮ್ಮನ್ಯಾರು ನಗಿಸ್ತಾರೆ! ಹೆಣಗಳೆಲ್ಲ ಎದ್ದು ಊಟದ ಲೈನಿಗೆ ಓಡಿದ್ವಲ್ಲ."

ಅಣ್ಣನೂ ನಾನೂ ಇದಕ್ಕೆ ಬಹಳ ನಕ್ಕೆವು. ಅವ್ವ ನಗಲಿಲ್ಲ. ಚೆಂಬು ತೊಟ್ಟಿಯೊಳಕ್ಕೆ ಬಿಟ್ಟು, "ಈಗ ನಗು, ನನ್ ಮುಂದೆ ನಗು" ಎಂದಳು. ಅವನು ಹಲ್ಲು ಕಿರಿದ. "ಕ್ಯಾಮೆರಾ ಇಲ್ವಲ್ಲವ್ವ, ಇದು ಲೆಕ್ಕಕ್ಕೆ ಬರಾಕಿಲ್ಲ" ಎಂದ. ತಮಾಷೆಗೆ ಅಂದದ್ದು.

ಅದಾಗಿ ಕೆಲವು ತಿಂಗಳಿಗೆ, ಬೆಳಗಿನ ಮಬ್ಬಿನಲ್ಲಿ, ಕನಕಪುರದ ಕಡೆಯಿಂದ ಗೂಡು ತುಂಬಿಕೊಂಡು ಬರುವಾಗ ಅಣ್ಣನ ಆಟೋ ನಿಂತ ಲಾರಿಗೆ ಹೋಗಿ ಹೊಡೆಯಿತು. ಲಾರಿಯ ತುಂಬ ಕಲ್ಲಿನ ದಿಮ್ಮಿ. ಅರ್ಧ ರಸ್ತೆಯ ಮೇಲೆ ನಿಲ್ಲಿಸಿದ್ದರು. ಹಿಂದೆ ಲೈಟಿಲ್ಲ, ರೇಡಿಯಂ ಪಟ್ಟಿ ಇಲ್ಲ, ನಾಲ್ಕು ಸೊಪ್ಪಿನ ಕೊಂಬೆ ಮುರಿದು ಹಾಕುವ ಗೋಜಿಗೂ ಯಾರೂ ಹೋಗಿರಲಿಲ್ಲ. ನಾನು ಹೋದಾಗ ಗೂಡು ರಸ್ತೆಯೆಲ್ಲ ಚೆಲ್ಲಿತ್ತು. ಬೈಕುಗಳು ಅದರ ಮೇಲೇ ಹೋಗುತ್ತಿದ್ದವು.

ಕಂಪ್ಲೇಂಟ್ ನಾನೇ ಬರೆದೆ. ಸ್ಟೇಷನ್ನಿನಲ್ಲಿ ಬೇರೆ ಯಾರೋ ಬರೆಯಲು ಪೆನ್ನು ತೆಗೆದರು. ಬೇಡ ಸಾರ್, ನನಗೆ ಬರೆಯಲು ಬರುತ್ತದೆ ಎಂದೆ. ಲಾರಿ ಹೇಗೆ ನಿಂತಿತ್ತು, ಏನು ಇರಲಿಲ್ಲ, ಎಲ್ಲ ಬರೆದು ಕೆಳಗೆ ಹೆಸರಿನ ಮುಂದೆ ಬಿ.ಕಾಂ. ಎಂದೂ ಹಾಕಿದೆ. ಯಾರು ಏನಂದುಕೊಂಡರೂ ಸರಿ.

ಲಾರಿಯವರು ನಮಗೆ ತೀರಾ ದೂರದವರಲ್ಲ. ದೊಡ್ಡಪ್ಪನ ಹೆಂಡತಿಯ ತವರಿನ ಕಡೆಯ ನಂಟು. ತಿಥಿ ಮುಗಿದದ್ದೇ ರಾಜಿಯ ಮಾತು ಬಂತು. ದೊಡ್ಡಪ್ಪ ಒಳ್ಳೆಯವರೇ, ಅಪ್ಪ ಹೋದಾಗ ನಿಂತು ಎಲ್ಲ ಮಾಡಿದವರು. ಅವರೇ ಬಂದು, "ಹುಡುಗ ನಿದ್ದೆಗಣ್ಣಲ್ಲಿ ಓಡಿಸ್ತಿದ್ದ ಅಂತ ಒಪ್ಕಂಡುಬುಟ್ರೆ ಎಲ್ಲಾರ್ಗೂ ನೆಮ್ಮದಿ ಕಣಮ್ಮ" ಎಂದರು. ನಾನು ಆಗುವುದಿಲ್ಲ ಎಂದೆ. ಅಣ್ಣ ನಿದ್ದೆಗೆಟ್ಟು ಗಾಡಿ ಹತ್ತುವವನೇ ಅಲ್ಲ, ಹುಳು ಹಣ್ಣಾಗಿ ರಾತ್ರಿಯೆಲ್ಲ ಕೆಲಸವಿರುವ ಕಾಲದಲ್ಲೂ ಬೇಕಾದರೆ ನಿಂತೇ ನಿದ್ದೆ ಮಾಡಿಕೊಳ್ಳುತ್ತಿದ್ದ. ಅವನಿಗೆ ಆ ಸುಳ್ಳನ್ನು ಹೊರಿಸಲು ನಾನು ಬಿಡುವುದಿಲ್ಲ ಎಂದೆ.

ನನಗೆ ಅಡ್ಡ ಬಂದದ್ದು ಅವ್ವ.

"ಲಾರಿಯೋರದ್ದೇನಮ್ಮಿ ತಪ್ಪು. ಅವ್ನು ಅವತ್ತೇ ಸತ್ತು ಮಲಗಿದ್ದ. ಯಾರೂ ನಗಿಸಿ ಎಬ್ಬಿಸ್ಲಿಲ್ಲ. ಲಾರಿ ಇಲ್ದಿದ್ರೆ ಇನ್ನೊಂದು ಬತ್ತಿತ್ತು."

"ಅವ್ವ, ಲಾರಿಗೆ ಲೈಟಿರ್ಲಿಲ್ಲ."

"ಅದೂ ದಿಟವೇ. ನಗಿಸ್ದೆ ಇದ್ದಿದ್ದೂ ದಿಟವೇ."

ಅವ್ವನ ಮಾತು ಲಾರಿಯವರ ಕಿವಿಗೂ ಹೋಯಿತು. ಅವರು ಅದನ್ನು ಎಲ್ಲ ಕಡೆ ಹೇಳಿಕೊಂಡು ತಿರುಗಿದರು. ಹೆತ್ತ ತಾಯಿಯೇ ಹಣೆಬರಹ ಅಂತಾಳೆ, ನಾಲ್ಕಕ್ಷರ ಕಲಿತ ಮಗಳದ್ದೇ ಜಗ್ಗಾಟ ಎಂದು. ಅವ್ವನಿಗೆ ಅಂಥ ನಂಬಿಕೆಯೇ ಬೇಕಿತ್ತೇನೋ. ನಗಿಸದೆ ಬಿಟ್ಟವರು ಯಾರು ಎಂದು ಗೊತ್ತಿಲ್ಲ, ಅವರಿಗೆ ಮುಖವಿಲ್ಲ. ಮುಖವಿಲ್ಲದವರ ಮೇಲೆ ಸಿಟ್ಟು ಎಷ್ಟು ದಿನ ಇರುತ್ತದೆ? ಅವ್ವ ಉಣ್ಣುತ್ತಿದ್ದಳು, ಹಸು ಕರೆಯುತ್ತಿದ್ದಳು, ಮಲಗಿದರೆ ನಿದ್ದೆ ಬರುತ್ತಿತ್ತು. ಇನ್ನೊಂದು ಸಲ ದೊಡ್ಡಪ್ಪ ಬಂದರೆ ಒಪ್ಪಿಬಿಡುತ್ತಾಳೆ, ತಾಯಿ ಒಪ್ಪಿದ ಮೇಲೆ ನಾನೊಬ್ಬಳು ನಿಂತರೂ ಊರು ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ರೈಲಿನಲ್ಲಿ ಆ ತುಣುಕು ಕಂಡದ್ದು ಇಂಥ ಹೊತ್ತಿನಲ್ಲಿ.

ಆ ವಾರವೆಲ್ಲ ಅವ್ವನಿಗೆ ಹೇಳಲೋ ಬೇಡವೋ ಎಂದು ಒದ್ದಾಡಿದೆ. ಮಗನನ್ನು ಹೆಣವಾಗಿ ಇನ್ನೊಮ್ಮೆ ನೋಡಿದರೆ ಪೂರ್ತಿ ಕುಸಿಯುತ್ತಾಳೆ ಅನ್ನಿಸುತ್ತಿತ್ತು. ಆದರೂ ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು. ಹೇಳಿದೆ. ಅವ್ವ ಸೊಪ್ಪು ಹೆಚ್ಚುತ್ತಿದ್ದಳು. ಮಚ್ಚು ಕೆಳಗಿಟ್ಟು, "ಕರ್ಕೊಂಡೋಗು" ಎಂದಳು.

ಭಾನುವಾರ ಮ್ಯಾಟಿನಿಗೆ ಹೋದೆವು. ಅವ್ವ ಹಬ್ಬದ ಸೀರೆ ಉಟ್ಟು ಬಂದಿದ್ದಳು. ಪಿಚ್ಚರ್ ಶುರುವಾದ ಮೇಲೂ ಸೆರಗಿನ ತುದಿ ಹಿಡಿದುಕೊಂಡು ಬಸ್ಸಿನಲ್ಲಿ ಕೂತ ಹಾಗೆ ನೆಟ್ಟಗೆ ಕೂತಿದ್ದಳು. ಪಿಚ್ಚರ್ ಹೇಗಿತ್ತು ಎಂದರೆ, ನನ್ನ ಲೆಕ್ಕದಲ್ಲಿ ಕೆಟ್ಟದ್ದು. ನಾಯಕಿ ಎರಡು ಹಾಡಿಗೆ ಬಂದು ಮಾಯವಾಗುತ್ತಾಳೆ. ನಮ್ಮ ಕಡೆಯ ರೈತನ ತಲೆಗೆ ನಮ್ಮವರು ಯಾರೂ ಸುತ್ತದ ಪೇಟ. ಹೆಣ ಬೀಳುವುದಕ್ಕಾಗಿಯೇ ಒಂದು ಊರು ಕಟ್ಟಿ, ಅದರಲ್ಲಿ ಒಬ್ಬರಿಗೂ ಹೆಸರಿಟ್ಟಿರಲಿಲ್ಲ.

ಸೀನು ಬಂತು. ಬಂಡೆ. ಗಾಡಿಯ ಚಕ್ರ. ನಾಯಕ ಅಳಲು ಶುರುಮಾಡಿದ. ಹಿಂದಿನ ಸಾಲಿನಲ್ಲಿ ಆಗಲೇ ಕಿಸಿಕಿಸಿ. ಅದನ್ನು ನೋಡಲೆಂದೇ ಬಂದವರಿದ್ದರು.

"ನೋಡ್ಲಾ, ನೋಡ್ಲಾ, ಬಂತು ಬಂತು!"

"ಎದ್ದೇಳಪ್ಪೋ, ಹೊತ್ತಾಯ್ತು!"

ಪರದೆಯ ಮೇಲೆ ಅಣ್ಣ ದೊಡ್ಡದಾಗಿ ಮಲಗಿದ್ದ. ನಮ್ಮ ಮನೆಯ ಗೋಡೆಗಿಂತ ದೊಡ್ಡದಾಗಿ. ಹೊಟ್ಟೆ ಎದ್ದಿತು, ಇಳಿಯಿತು. ಕತ್ತಿನ ನರ ಒಮ್ಮೆ ಅದುರಿತು. ನಾನು ಅವ್ವನ ಕಡೆ ತಿರುಗಿದೆ. ಅವ್ವ ಅಳುತ್ತಿರಲಿಲ್ಲ. ಮುಂದಿನ ಸೀಟು ಹಿಡಿದು ಅರ್ಧ ಎದ್ದಿದ್ದಳು.

"ಇರುವೆ ಕಡೀತಾವೆ ಕಣಮ್ಮಿ ಅವನ್ಗೆ" ಎಂದಳು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ. ಹಿಂದಿನ ಸಾಲಿನ ಒಬ್ಬ ಅದಕ್ಕೂ ನಕ್ಕ.

ಅಷ್ಟೇ. ಸೀನು ಹೋಯಿತು. ಅವ್ವ ಕೂತಳು, ಪಿಚ್ಚರ್ ಪೂರ್ತಿ ನೋಡಿದಳು, ಎದ್ದು ಹೋಗೋಣವೆಂದರೂ ಬರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೈಲಾಂಚದ ಕಡೆಯ ಬಸ್ಸಿಗೆ ಕಾಯುತ್ತಾ ಕೂತೆವು. ಕಡಲೆಕಾಯಿ ಕೊಡಿಸಿದೆ. ಅವ್ವ ಅದನ್ನು ಸುಲಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಸತ್ತಂಗೆ ಮಲಗಿರ್ಲಿಲ್ಲ ಅವ್ನು" ಎಂದಳು.

"ಹೂಂ ಅವ್ವ."

"ಉಸಿರಾಡ್ತಿದ್ದ. ಎಲ್ಲಾರ್ಗೂ ಕಾಣೋ ಹಂಗೆ ಉಸಿರಾಡ್ತಿದ್ದ. ಹೆಣ ಆಗಾಕೆ ಬರ್ನಿಲ್ಲ ನನ್ ಮಗನಿಗೆ."

ನಾನು ಒಂದು ಕಡಲೆಕಾಯಿ ಸುಲಿದು ಅವಳ ಕೈಗಿಟ್ಟೆ.

"ಸಾಯ್ದೆ ಇದ್ದೋನ್ನ ಯಾಕೆ ನಗಿಸ್ಬೇಕು? ಬೇಕಾಗೇ ಇರ್ಲಿಲ್ಲ." ಬಸ್ಸು ಬಂತು, ಜನ ನುಗ್ಗಿದರು, ಅವ್ವ ಏಳಲಿಲ್ಲ. "ಹಂಗಾದ್ರೆ ಲಾರಿನೇ ಕಣಮ್ಮಿ. ಲಾರಿಯೋರೇ."

ವರ್ಷದಿಂದ ಈ ಮಾತು ಅವ್ವನ ಬಾಯಿಂದ ಬರಲಿ ಎಂದು ಕಾದಿದ್ದವಳು ನಾನು. ಬಂದಾಗ ಖುಷಿಯಾಗಲಿಲ್ಲ. ಅವತ್ತಿನಿಂದ ಅವ್ವನಿಗೆ ಊಟ ಸೇರುವುದು ನಿಂತಿತು. ರಸ್ತೆಯಲ್ಲಿ ಕಲ್ಲು ಲಾರಿ ಹೋದರೆ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು, ಅದು ಕಣ್ಣಿಗೆ ಮರೆಯಾಗುವ ತನಕ ನಿಲ್ಲುತ್ತಿದ್ದಳು. ಈಗ ಅವಳ ಸಿಟ್ಟಿಗೆ ಮುಖವಿತ್ತು, ಹೆಸರಿತ್ತು, ನಂಟಸ್ತನವೂ ಇತ್ತು.

ಪಿಚ್ಚರ್ ಥಿಯೇಟರಿನಿಂದ ಹೋಗಿ ಫೋನಿಗೆ ಬಂದ ಮೇಲೆ ಒಂದು ಮಧ್ಯಾಹ್ನ ದೊಡ್ಡಪ್ಪ ಬಂದರು. ಜೊತೆಗೆ ಲಾರಿಯವರ ಮನೆಯ ಹಿರೀಮಗ. ಬಿಳಿ ಶರಟು, ಕೈಯಲ್ಲಿ ಹಣ್ಣಿನ ಕವರು. ಅವ್ವ ಚಾಪೆ ಹಾಸಿದಳು.

"ಏನಮ್ಮ, ಏನ್ ಯೋಚ್ನೆ ಮಾಡ್ದೆ?" ಎಂದರು ದೊಡ್ಡಪ್ಪ. "ಹಣೆಬರಹ ಅಂತ ನೀನೇ ಅಂತಿದ್ದಲ್ಲ."

"ಅದು ಆಗ ಭಾವ. ನಾನು ನೋಡಿರ್ಲಿಲ್ಲ. ಈಗ ನೋಡಿವ್ನಿ. ನೀವೂ ಒಸಿ ನೋಡಿ" ಎಂದು ಅವ್ವ ನನ್ನ ಕಡೆ ತಿರುಗಿದಳು. "ತೋರ್ಸಮ್ಮಿ. ಅವ್ನು ಉಸಿರಾಡೋದು ತೋರ್ಸು."

ನಾನು ಪಿಚ್ಚರ್ ಹಾಕಿ ಆ ಸೀನಿನ ಹತ್ತಿರಕ್ಕೆ ಎಳೆದೆ. ಮೂವರೂ ಫೋನಿನ ಮೇಲೆ ಬಗ್ಗಿದರು. ಬಂಡೆ ಬಂತು, ಚಕ್ರ ಬಂತು, ನಾಯಕ ಅತ್ತ. ಅಣ್ಣ ಕಂಡ, ಕಣ್ಣು ಮಿಟುಕಿಸುವಷ್ಟು ಹೊತ್ತು. ಹೊಟ್ಟೆ ಏಳುವ ಮೊದಲೇ ನಾಯಕನ ಮುಖ ಬಂದುಬಿಟ್ಟಿತು. ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಅಷ್ಟೇ. ಜನ ಆಡಿಕೊಂಡರೆಂದು ಅದನ್ನು ಕತ್ತರಿಸಿ ಸರಿ ಮಾಡಿದ್ದರು. ಇದರಲ್ಲಿ ಅಣ್ಣ ಸರಿಯಾದ ಹೆಣವಾಗಿದ್ದ.

"ಎಲ್ಲಮ್ಮ? ಅಲ್ಲಾಡ್ತಾನೇ ಇಲ್ವಲ್ಲ" ಎಂದರು ದೊಡ್ಡಪ್ಪ, ಮೆಲ್ಲಗೆ.

ಬಿಳಿ ಶರಟಿನವನಿಗೆ ಏನಾದರೂ ಹೇಳಬೇಕು ಅನ್ನಿಸಿತೇನೋ. "ನಾನೂ ನೋಡ್ದೆ ಇದನ್ನ. ಫಸ್ಟ್ ಹಾಫ್ ಒಸಿ ಲ್ಯಾಗ್ ಐತೆ. ಫೈಟು ಚೆನ್ನಾಗವೆ" ಎಂದ.

ಹುಡುಗಿ ಕಳಿಸಿದ್ದ ತುಣುಕು ನನ್ನ ಫೋನಿನಲ್ಲೇ ಇತ್ತು. ತೆಗೆದಿದ್ದರೆ ಹೊಟ್ಟೆ ಏಳುವುದು ಕಾಣುತ್ತಿತ್ತು, ಜೊತೆಗೆ ಆ ಕೆಂಪು ಗೆರೆ, ಆ ನಗು. ಸದ್ದು ತೆಗೆದು ತೋರಿಸಬಹುದಿತ್ತು. ಆದರೆ ಆ ಗೆರೆ ಯಾರು ಎಳೆದರು, ಯಾಕೆ ಎಳೆದರು ಎಂದು ಅವ್ವ ಕೇಳುತ್ತಾಳೆ. ಆ ಬಿಳಿ ಶರಟಿನವನ ಮುಂದೆ ನನಗೆ ಅದು ಬೇಕಿರಲಿಲ್ಲ. ಫೋನು ಆರಿಸಿ ಮಗುಚಿ ಇಟ್ಟೆ. ಅವ್ವ ಅದರ ಬೆನ್ನನ್ನೇ ನೋಡುತ್ತಾ ಕೂತಿದ್ದಳು. ಇನ್ನು ಒಪ್ಪಿಬಿಡುತ್ತಾಳೆ ಅಂದುಕೊಂಡೆ. ಅವನು ಸತ್ತೇ ಮಲಗಿದ್ದ ಎಂದು ಮತ್ತೆ ನಂಬಿದರೆ ನಿದ್ದೆ ಬರುತ್ತದೆ, ಅನ್ನ ಇಳಿಯುತ್ತದೆ. ಒಂದು ಗಳಿಗೆ ನನಗೇ, ನಂಬಲಿ, ಸಾಕು ಅನ್ನಿಸಿತು.

"ಇದ್ರಲ್ಲಿ ಸಾಯ್ಸವ್ರೆ" ಎಂದಳು ಅವ್ವ.

"ಏನಂದೆ?"

"ಅಲ್ಲಿ ಉಸಿರಾಡ್ತಿದ್ದ ಭಾವ. ಆಮೇಲೆ ಸಾಯ್ಸವ್ರೆ. ನಾನ್ ನೋಡಿವ್ನಿ." ಹಣ್ಣಿನ ಕವರನ್ನು ಬಿಳಿ ಶರಟಿನವನ ಕಡೆಗೆ ತಳ್ಳಿದಳು. "ನನ್ ಮಗ ನಿದ್ದೆಗಣ್ಣಲ್ಲಿ ಇರ್ನಿಲ್ಲ ಕಣಪ್ಪ. ನಿಮ್ಮ ಲಾರಿಗೆ ಲೈಟಿರ್ನಿಲ್ಲ. ಮಗಳು ಬರ್ದವಳಲ್ಲ, ಅಷ್ಟೇಯ. ಕಾಫಿ ಕುಡ್ದು ಹೋಗಿ."

ಅವರು ಕಾಫಿ ಕುಡಿಯಲಿಲ್ಲ. ದೊಡ್ಡಪ್ಪ ಹೊಸಿಲು ದಾಟಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಅವರ ಮನೆಯ ಮದುವೆಗೆ ನಮ್ಮನ್ನು ಕರೆಯಲಿಲ್ಲ. ಕೇಸು ನಡೆಯುತ್ತಿದೆ. ವಾಯಿದೆಯ ದಿನ ನಾನು ರಜೆ ಹಾಕಿ ಅವ್ವನ ಜೊತೆ ಕೋರ್ಟಿನ ಕಾರಿಡಾರಿನಲ್ಲಿ ಕೂರುತ್ತೇನೆ. ಅವರೂ ಎದುರಿಗೆ ಕೂರುತ್ತಾರೆ. ಇನ್ನೊಂದು ವಾಯಿದೆ ಕೊಡುತ್ತಾರೆ, ಎದ್ದು ಬರುತ್ತೇವೆ.

ಆ ತುಣುಕು ಕಂಡ ಮುಂದಿನ ಸೋಮವಾರ ರೈಲಿನಲ್ಲಿ ಯಾರೂ ಪಿಚ್ಚರ್ ಮಾತು ತೆಗೆಯಲಿಲ್ಲ. ಈಗ ಮತ್ತೆ ತೆಗೆಯುತ್ತಾರೆ, ನಾನೂ ಮಾತಾಡುತ್ತೇನೆ, ಮುಂಚಿನ ಹಾಗೆ ಹುಳುಕು ಹುಡುಕುತ್ತೇನೆ. ಹೆಣ ಇರುವ ಪಿಚ್ಚರ್ ಬಂದರೆ ಅಕ್ಕ ಬೇರೆ ಮಾತಿಗೆ ಹಾರುತ್ತಾಳೆ.

ಮನೆಯಲ್ಲಿ ಅವ್ವ ಊಟದ ತಟ್ಟೆ ಇಟ್ಟುಕೊಂಡು ಟೀವಿ ಮುಂದೆ ಕೂರುತ್ತಾಳೆ. ಹಾಡು ಬೇಡ, ಕಥೆ ಬೇಡ. ಯಾರಾದರೂ ಸತ್ತು ಬಿದ್ದರೆ ಮಾತ್ರ ತುತ್ತು ಅಲ್ಲೇ ನಿಲ್ಲುತ್ತದೆ. ಅಳುವವರನ್ನು ನೋಡುವುದಿಲ್ಲ. ಬಿದ್ದವನ ಹೊಟ್ಟೆ ನೋಡುತ್ತಾಳೆ.